ಬಂದು ಹೋಯಿತು ಎಂದುಕೊಂಡ ದಡಾರ

ಮಾನ್ಯಳ ಕೈಯಿಂದ ಮೊದಲು ಜಾರಿದ್ದು ಹಾಲಿನ ಲೋಟ. ಮಕ್ಕಳ ಕೈಯಿಂದ ಲೋಟ ಬೀಳದ ಮನೆ ಯಾವುದಿದೆ? ನೆಲ ಒರೆಸಿ, ನಾಲ್ಕು ಮಾತು ಗದರಿ, ಹೊತ್ತಾಯಿತೆಂದು ಬ್ಯಾಂಕಿಗೆ ಓಡಿದೆ. ಅದೇ ವಾರ ಊಟದ ತಟ್ಟೆ ಬಿತ್ತು. ಆಮೇಲೆ ಬಣ್ಣದ ಪೆನ್ಸಿಲಿನ ಡಬ್ಬಿ. ಆಗ ಅವಳು ಮೂರನೇ ಕ್ಲಾಸು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವಳ ಅಕ್ಷರ ಗೆರೆ ಬಿಟ್ಟು ಮೇಲೆ ಕೆಳಗೆ ಹೋಗತೊಡಗಿತು. ಮಗ್ಗಿ ಮರೆತಳು. ಮೊದಲು ಏಳರದು, ಆಮೇಲೆ ಐದರದು, ಕೊನೆಗೆ ಎರಡರದು. ಕ್ಲಾಸ್ ಟೀಚರ್ ನನ್ನನ್ನು ಕರೆಸಿ, ಮನೆಯಲ್ಲಿ ಮೊಬೈಲು ಜಾಸ್ತಿ ಕೊಡುತ್ತೀರಾ ಎಂದು ಕೇಳಿದರು. ಮೊಬೈಲು ಎತ್ತಿಟ್ಟೆವು. ಕಣ್ಣಿನ ಡಾಕ್ಟರಿಗೆ ತೋರಿಸಿದೆವು, ಕನ್ನಡಕ ಕೊಟ್ಟರು. ಹೊಸ ಕನ್ನಡಕ ಹಾಕಿಕೊಂಡೂ ಅವಳು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡೇ ಒಳಗೆ ಬರುತ್ತಿದ್ದಳು.

ನಾವಿರುವುದು ಚನ್ನರಾಯಪಟ್ಟಣದಲ್ಲಿ. ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ನನ್ನ ಗಂಡ ರಘು ನುಗ್ಗೇಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಮಾನ್ಯ ನಮಗೆ ಒಬ್ಬಳೇ ಮಗಳು. ನಮ್ಮ ಮನೆಯ ವಿಷಯವನ್ನು ಹೀಗೆ ಊರ ಮುಂದೆ ಹರಡುವುದು ರಘುವಿಗೆ ಇಷ್ಟವಿಲ್ಲ. ಆದರೂ ಬರೆಯುತ್ತಿದ್ದೇನೆ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ, ಮಗುವಿಗೆ ಏನಾಗಿದೆ ಎಂದು ತಿಳಿಯದೆ, ಇವತ್ತು ಇನ್ನೊಬ್ಬ ತಾಯಿ ಕೂತಿದ್ದಾಳೆ. ನಿನ್ನ ಮಗುವೊಂದಕ್ಕೇ ಹೀಗಾಗಿಲ್ಲ ಎಂದು ಅವಳಿಗೆ ಯಾರಾದರೂ ಹೇಳಬೇಕು. ಸಮಾಧಾನದ ಮಾತು ನನ್ನಲ್ಲಿ ಹೆಚ್ಚಿಲ್ಲ. ಇರುವುದು ಸಿಟ್ಟು. ಅದನ್ನು ಬಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬೆಚ್ಚುವುದು ಶುರುವಾಯಿತು. ಕೂತಲ್ಲೇ ತೂಕಡಿಸಿದವರು ಥಟ್ಟನೆ ಬೆಚ್ಚುತ್ತಾರಲ್ಲ, ಹಾಗೆ. ತಲೆ ಮುಂದಕ್ಕೆ ಬಾಗುತ್ತಿತ್ತು, ಕೈ ಒಮ್ಮೆ ಅದುರುತ್ತಿತ್ತು, ತಕ್ಷಣ ಸರಿಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಸ್ಕೂಲ್ ಡೇ ಡ್ಯಾನ್ಸಿನಲ್ಲಿ ಅವಳು ಮುಂದಿನ ಸಾಲಿನಲ್ಲಿದ್ದಳು. ಒಂದು ದಿನ ಬಂದು, ಮಿಸ್ ನನ್ನನ್ನು ಹಿಂದಿನ ಸಾಲಿಗೆ ಹಾಕಿದರು ಎಂದಳು. ಮುಂದಿನ ವಾರ ಯಾವ ಸಾಲೂ ಇಲ್ಲ ಎಂದಳು. ಬಟ್ಟೆಗೆ ಅಳತೆ ಕೊಟ್ಟಾಗಿತ್ತು. ಕನ್ನಡಿಯ ಮುಂದೆ ನಿಂತು ಒಬ್ಬಳೇ ಹೆಜ್ಜೆ ಹಾಕುತ್ತಿದ್ದಳು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಬೆಚ್ಚಿ, ಕನ್ನಡಿಯನ್ನೇ ಹಿಡಿದುಕೊಳ್ಳುತ್ತಿದ್ದಳು.

ಹೊಳೆನರಸೀಪುರದಿಂದ ಅತ್ತೆ ಬಂದು ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಯಾರದೋ ಕಣ್ಣು, ಹೆಣ್ಣುಮಗು ಅಷ್ಟು ಚೆನ್ನಾಗಿ ಕುಣಿಯಬಾರದಿತ್ತು ಎಂದರು. ನಮ್ಮೂರ ಮಕ್ಕಳ ಡಾಕ್ಟರು ಫಿಟ್ಸು ಎಂದು ಮಾತ್ರೆ ಕೊಟ್ಟರು. ಮಾತ್ರೆಯಿಂದ ದಿನವೆಲ್ಲ ಮಂಪರು ಬಂತೇ ಹೊರತು ಬೆಚ್ಚುವುದು ನಿಲ್ಲಲಿಲ್ಲ. ಅವರೇ ಹಾಸನಕ್ಕೆ ಬರೆದುಕೊಟ್ಟರು.

ಹಾಸನದ ಆಸ್ಪತ್ರೆಯಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಬೆಂಚಿನ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಕೇಳಿ ಮುಗಿಸಿದ್ದರು. ಹುಟ್ಟಿನಿಂದಲೇ ಹೀಗಾ? ಸೋದರಸಂಬಂಧದಲ್ಲಿ ಮದುವೆಯಾ? ಯಾವುದಾದರೂ ಹರಕೆ ಮರೆತಿದ್ದೀರಾ? ಮಾನ್ಯ ನನ್ನ ತೊಡೆಯ ಮೇಲೆ ತಲೆಯಿಟ್ಟು, ಪ್ರತಿ ಸಲ ಬೆಚ್ಚಿದಾಗಲೂ ಸಾರಿ ಅಮ್ಮ ಎನ್ನುತ್ತಿದ್ದಳು. ಯಾಕೆ ಸಾರಿ ಎಂದರೆ ಅವಳಿಗೂ ಗೊತ್ತಿರಲಿಲ್ಲ.

ಒಳಗಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಾನ್ಯಳನ್ನು ನಡೆಸಿ ನೋಡಿದರು, ಗೆರೆ ಎಳೆಸಿ ನೋಡಿದರು, ಸುಮ್ಮನೆ ಕೂರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವಳು ಚಿಕ್ಕವಳಿದ್ದಾಗ ದಡಾರ ಆಗಿತ್ತಾ?"

ಇಲ್ಲ ಎಂದೆ. ಎಲ್ಲ ಇಂಜೆಕ್ಷನ್ನೂ ಹೊತ್ತಿಗೆ ಸರಿಯಾಗಿ ಹಾಕಿಸಿದ್ದೆವು, ದಡಾರದ್ದೂ ಹಾಕಿಸಿಯಾಗಿತ್ತು. ಅಷ್ಟು ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯೂ ಇತ್ತೇನೋ.

"ಇಂಜೆಕ್ಷನ್ ಹಾಕೋಕೆ ಮುಂಚೆ? ಜ್ವರ ಬಂದು ಮೈಮೇಲೆ ಕೆಂಪಗೆ ಎದ್ದಿದ್ದು ನೆನಪಿದೆಯಾ?"

ಹಿಂದೆ ನಿಂತಿದ್ದ ರಘು ಮೆಲ್ಲಗೆ ಹೇಳಿದರು. "ಅಮ್ಮ ಬಂದಿತ್ತು. ಎಂಟು ತಿಂಗಳ ಮಗು ಆಗ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೋಗಿ ಎಂದು ಬರೆದುಕೊಟ್ಟರು. ಹೊರಡುವಾಗ ಎದ್ದು ಬಾಗಿಲವರೆಗೆ ಬಂದು ಮಾನ್ಯಳ ಕೆನ್ನೆ ಮುಟ್ಟಿದರು. ಅಷ್ಟು ಜನರ ನಡುವೆ ಒಬ್ಬ ಡಾಕ್ಟರು ಎದ್ದು ಬಾಗಿಲವರೆಗೆ ಬರುತ್ತಾರೆಂದರೆ ವಿಷಯ ಚಿಕ್ಕದಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಅಮ್ಮ ಬಂದಿತ್ತು ಎನ್ನುವುದನ್ನು ಈಗ ಬಿಡಿಸಿ ಹೇಳುತ್ತೇನೆ.

ಮಾನ್ಯಳಿಗೆ ಎಂಟು ತಿಂಗಳಾಗಿದ್ದಾಗ ಮಾವನವರ ತಿಥಿಗೆಂದು ಎಲ್ಲರೂ ಹೊಳೆನರಸೀಪುರದ ಮನೆಯಲ್ಲಿ ಸೇರಿದ್ದೆವು. ಹಾಸನದಿಂದ ರಘುವಿನ ಅಣ್ಣ, ನಮ್ಮ ಭಾವ, ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಭಾವ ಒಂದು ಖಾಸಗಿ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಮಾವ ಹೋದಮೇಲೆ ರಘುವನ್ನು ಓದಿಸಿದವರು ಅವರು. ಹಾಗಾಗಿ ಆ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ಸಹಜ ಆರೋಗ್ಯ ಎನ್ನುವುದು ಅವರ ಹುಚ್ಚು. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಅದರ ಮೇಲೆ ಭಾಷಣ ಮಾಡುತ್ತಿದ್ದರು. ಜನ ಸೇರುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಸಕ್ಕರೆ ಬಿಡಿ, ಮೈದಾ ಬಿಡಿ, ಕೊನೆಗೆ ಸೂಜಿಯನ್ನೂ ಬಿಡಿ. ಅವರ ಇಬ್ಬರು ಮಕ್ಕಳಿಗೂ ಒಂದೇ ಒಂದು ಲಸಿಕೆ ಹಾಕಿಸಿರಲಿಲ್ಲ. ದೊಡ್ಡವನು ಸುಹಾಸ್, ಆಗ ಹದಿಮೂರು ವರ್ಷ. ಚಿಕ್ಕವಳು ಸ್ನೇಹಾ, ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸು.

ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೆ ಶಾಲೆಗಳಲ್ಲಿ ದಡಾರದ ಇಂಜೆಕ್ಷನ್ ಹಾಕಿದ್ದರು. ಆ ದಿನ ಭಾವ ಸುಹಾಸನನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು. ತಿಥಿಯ ಊಟಕ್ಕೆ ಎಲೆ ಮುಂದೆ ಕೂತು ಅದನ್ನು ಎಲ್ಲರಿಗೂ ಹೇಳಿದರು. ಇಡೀ ಸ್ಕೂಲಿನಲ್ಲಿ ಸೂಜಿ ಚುಚ್ಚಿಸಿಕೊಳ್ಳದವನು ಇವನೊಬ್ಬನೇ ಎಂದು. ಪಕ್ಕದಲ್ಲಿ ಸುಹಾಸ್ ಕೆಮ್ಮುತ್ತಾ ಕೂತಿದ್ದ. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು, ಮೈ ಬಿಸಿಯಿತ್ತು. ಇವನನ್ನು ಕರೆದುಕೊಂಡು ಬರುವುದು ಬೇಡ ಎಂದು ನನ್ನ ಓರಗಿತ್ತಿ ಉಷಕ್ಕ ಹೇಳಿದ್ದರಂತೆ. ನೆಗಡಿಗೆಲ್ಲ ಹೆದರುತ್ತಾರಾ, ನಾಲ್ಕು ಜನರ ಜೊತೆ ಓಡಾಡಿದರೆ ತಾನೇ ಹೋಗುತ್ತೆ ಎಂದು ಭಾವ ಅವರ ಬಾಯಿ ಮುಚ್ಚಿಸಿದ್ದರು.

ಸುಹಾಸನಿಗೆ ಮಾನ್ಯಳ ಮೇಲೆ ಪ್ರಾಣ. ಅವತ್ತು ದಿನವೆಲ್ಲ ಅವನೇ ಎತ್ತಿಕೊಂಡಿದ್ದ. ಅಡಿಗೆ, ಬಡಿಸುವುದು, ಬಂದವರಿಗೆ ಎಲೆ ಅಡಿಕೆ, ಇದರ ನಡುವೆ ನನಗೂ ಅದು ಅನುಕೂಲವಾಗಿತ್ತು. ಎರಡು ದಿನ ಕಳೆದು ಅವನ ಮೈಮೇಲೆ ದಡಾರ ಎದ್ದಿತೆಂದು ಹಾಸನದಿಂದ ಫೋನ್ ಬಂತು. ಹತ್ತು ಹನ್ನೆರಡು ದಿನಕ್ಕೆ ಮಾನ್ಯಳ ಮೈ ಕಾಯಿತು. ಬಾಯೊಳಗೆಲ್ಲ ಹುಣ್ಣಾಗಿ ಹಾಲು ಕುಡಿಯಲಾರದೆ ಅಳುತ್ತಿದ್ದಳು. ಕಿವಿಯ ಹಿಂದಿನಿಂದ ಶುರುವಾಗಿ ಹೊಟ್ಟೆಯವರೆಗೆ ಕೆಂಪಗೆ ಇಳಿಯಿತು. ಅಮ್ಮ ಬಂದಿದ್ದಾಳೆ, ಹೆಸರು ಹೇಳಬೇಡಿ ಎಂದರು ಅತ್ತೆ. ಬೇವಿನಸೊಪ್ಪು ತಂದು ಹಾಸಿದರು, ಒಗ್ಗರಣೆ ನಿಲ್ಲಿಸಿದರು. ವಾರದಲ್ಲಿ ಮಗು ಚೇತರಿಸಿಕೊಂಡಿತು. ತಂಪೆರೆದು ದೇವಸ್ಥಾನಕ್ಕೆ ಹೋಗಿ ಮೊಸರನ್ನ ಹಂಚಿದೆವು.

ಭಾವ ಫೋನ್ ಮಾಡಿದ್ದರು. "ಒಳ್ಳೇದೇ ಆಯ್ತು ಕಣಮ್ಮ. ಸಹಜವಾಗಿ ಬಂದು ಹೋಯ್ತಲ್ಲ, ಇನ್ನು ಜೀವಮಾನ ಪೂರ್ತಿ ಅವಳಿಗೆ ರಕ್ಷಣೆ."

ಹೌದು ಭಾವ ಎಂದೆ. ಅಷ್ಟು ದೂರದಿಂದ ವಿಚಾರಿಸಿದರಲ್ಲ ಎಂದು ಖುಷಿಯೂ ಪಟ್ಟೆ. ಆಮೇಲೆ ಅದು ಎಷ್ಟು ಮರೆತುಹೋಗಿತ್ತೆಂದರೆ, ಹಾಸನದ ಡಾಕ್ಟರಮ್ಮ ಕೇಳಿದಾಗಲೂ ನನಗೆ ನೆನಪಾಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾನ್ಯಳ ಜಡೆ ಬಿಚ್ಚಿ, ನೆತ್ತಿಯ ತುಂಬ ಅಂಟು ಹಚ್ಚಿ ವೈರುಗಳನ್ನು ಅಂಟಿಸಿದರು. ಬೆನ್ನುಹುರಿಯಿಂದ ನೀರು ತೆಗೆಯುವಾಗ ನನ್ನನ್ನು ಹೊರಗೆ ಕಳಿಸಿದರು. ಅವಳು ಕೂಗಿದ್ದು ಬಾಗಿಲಾಚೆಗೂ ಕೇಳುತ್ತಿತ್ತು. ಆ ಮೊಗಸಾಲೆಯಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಸುಮಾರು ಹನ್ನೊಂದು ವರ್ಷದ ಮಗನನ್ನು ಮಡಿಲಿಗೆ ಒರಗಿಸಿಕೊಂಡು ಕೂತಿದ್ದಳು. ಹುಡುಗನ ಮೂಗಿನಲ್ಲಿ ಟ್ಯೂಬಿತ್ತು. ಅವನೂ ಬೆಚ್ಚುತ್ತಿದ್ದ, ಮಾನ್ಯಳ ಹಾಗೆಯೇ. ನಾನು ನೋಡುತ್ತಿದ್ದದ್ದನ್ನು ಅವಳು ಕಂಡಳು.

"ನಿಮ್ ಮಗೀಗೂ ಇದೇನಾ?"

ಇನ್ನೂ ಗೊತ್ತಿಲ್ಲ, ಟೆಸ್ಟ್ ಮಾಡುತ್ತಿದ್ದಾರೆ ಎಂದೆ.

"ಇದೇಯಾ ಕಣವ್ವ," ಎಂದಳು. "ಇಂಗೇ ಸುರುವಾಯ್ತು ನಮ್ ಕಿರಣಂಗೂ."

ಅವಳ ಹೆಸರು ಜಯಮ್ಮ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರದ ಊರು. ನಮ್ಮ ಜಿಲ್ಲೆಯವಳೇ. ಎಲ್ಲೋ ಪಕ್ಕದಲ್ಲೇ ಇದ್ದವಳು ಇಷ್ಟು ದೂರ ಬಂದಮೇಲೆ ಸಿಕ್ಕಿದ್ದಳು. ಕೂಸಾಗಿದ್ದಾಗ ಕಿರಣನಿಗೂ ದಡಾರ ಬಂದಿತ್ತಂತೆ. ಆಗ ಅವಳು ಕಾಫಿ ತೋಟಗಳಲ್ಲಿ ಕೂಲಿಗೆ ಊರೂರು ಸುತ್ತುತ್ತಿದ್ದಳಂತೆ, ಇಂಜೆಕ್ಷನ್ ಹಾಕಿಸಲು ಆಗಿರಲಿಲ್ಲವಂತೆ. ಅವತ್ತು ನಾನೂ ನನ್ನ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ತಿಥಿ, ಸುಹಾಸ್, ಭಾವನ ಫೋನು, ಎಲ್ಲ. ಪೂರ್ತಿ ಕೇಳಿದಳು. ಕೊನೆಗೆ ಹೋಗಿ ಎರಡು ಕಪ್ಪು ಟೀ ತಂದು ಒಂದನ್ನು ನನ್ನ ಕೈಗಿಟ್ಟಳು. ಅಳುವುದಾದರೆ ಟೀ ಕುಡಿದು ಅಳಿ, ಬರೀ ಹೊಟ್ಟೆಯಲ್ಲಿ ಅತ್ತರೆ ತಲೆ ತಿರುಗುತ್ತೆ ಎಂದಳು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ವಿಷಯ ತಿಳಿಸಿದವರು ವಯಸ್ಸಾದ ಡಾಕ್ಟರು. ಮೇಜಿನ ಆಚೆ ಕೂರದೆ ಕುರ್ಚಿ ಎಳೆದುಕೊಂಡು ನಮ್ಮ ಪಕ್ಕ ಕೂತರು. ಕಾಯಿಲೆಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಕನ್ನಡದಲ್ಲಿ ಅವರು ಹೇಳಿದ್ದು ಇಷ್ಟು: ಆವತ್ತು ಬಂದ ದಡಾರ ಪೂರ್ತಿ ಹೋಗಿರಲಿಲ್ಲ. ಮೆದುಳಿನಲ್ಲಿ ಅಡಗಿ ಕೂತಿತ್ತು. ಇಷ್ಟು ವರ್ಷದ ಮೇಲೆ ಎದ್ದಿದೆ. ಬಹಳ ಅಪರೂಪಕ್ಕೆ ಹೀಗಾಗುತ್ತದೆ, ಕೂಸಾಗಿದ್ದಾಗ ದಡಾರ ಬಂದವರಲ್ಲೇ ಹೆಚ್ಚು.

ವಾಸಿಯಾಗುತ್ತಾ ಎಂದು ರಘು ಕೇಳಿದರು. ನಿಧಾನ ಮಾಡೋಕೆ ನೋಡೋಣ ಎಂದರು ಡಾಕ್ಟರು. ಗಣಿತ ಹೇಳಿಕೊಡುವ ರಘುವಿಗೆ ಆ ಉತ್ತರ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು.

ನಾನು ಕೇಳಿದ್ದು ಬೇರೆ. ಇನ್ನೂ ಮುಂಚೆ ಇಂಜೆಕ್ಷನ್ ಹಾಕಿಸಿದ್ದರೆ ಉಳಿಯುತ್ತಿದ್ದಳಾ ಎಂದು.

"ಒಂಬತ್ತು ತಿಂಗಳು ತುಂಬಿದ ಮೇಲೇ ಹಾಕೋದು ತಾಯಿ. ನೀವು ಮಾಡೋದನ್ನ ಸರಿಯಾಗೇ ಮಾಡಿದೀರಿ," ಎಂದರು ಅವರು. "ಅದಕ್ಕೂ ಚಿಕ್ಕ ಮಕ್ಕಳನ್ನ ಸುತ್ತ ಇರೋರು ಕಾಯ್ಬೇಕು. ಸುತ್ತ ಇರೋರು ಹಾಕಿಸ್ಕೊಂಡಿದ್ರೆ ಕೂಸಿನ ಹತ್ತಿರ ಅದು ಬರೋದೇ ಇಲ್ಲ."

ನನ್ನನ್ನು ಸಮಾಧಾನ ಮಾಡಲೆಂದೇ ಅವರು ಹಾಗೆಂದರು. ನೀವು ಮಾಡೋದನ್ನ ಸರಿಯಾಗೇ ಮಾಡಿದೀರಿ. ತಪ್ಪು ನನ್ನದಾಗಿದ್ದರೆ ನನ್ನನ್ನೇ ಬೈದುಕೊಂಡು ಸುಮ್ಮನಿರಬಹುದಿತ್ತು. ಈಗ ಆ ಸಿಟ್ಟನ್ನು ಒಯ್ದು ಇಡಬೇಕಾದ ಜಾಗ ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಅತ್ತೆಗೆ ವಿಷಯ ಹೇಳಿದಾಗ ಅವರು ನಂಬಲಿಲ್ಲ. ಅಮ್ಮ ಬಂದವಳು ತಣ್ಣಗಾಗಿ ಹೋಗಿದ್ದಾಳೆ, ಮೊಸರನ್ನ ಮಾಡಿ ಕಳಿಸಿದ್ದೇವೆ, ಮತ್ತೆ ಯಾಕೆ ಬರುತ್ತಾಳೆ ಎಂದು ನಮ್ಮನ್ನೇ ಕೇಳಿದರು. ಉಷಕ್ಕ ಫೋನಿನಲ್ಲಿ ಸುಮ್ಮನೆ ಅತ್ತರು. ಭಾವ ಒಂದು ವಾರ ಬಿಟ್ಟು ಬಂದರು. ಹಣ್ಣಿನ ಚೀಲ ಮೇಜಿನ ಮೇಲಿಟ್ಟು, ರಘುವಿನ ಕೈಹಿಡಿದು ಕೂತರು. ಯಾವುದೋ ಎಣ್ಣೆಯ ಚಿಕಿತ್ಸೆಯ ಬಗ್ಗೆ ಹೇಳಿದರು. ನಾನು ಆ ಡಾಕ್ಟರು ಹೇಳಿದ ಮಾತನ್ನು ಇದ್ದ ಹಾಗೇ ಅವರ ಮುಂದಿಟ್ಟೆ.

"ಅವತ್ತು ಮನೆ ತುಂಬ ಜನ ಇದ್ರು ವಾಸಂತಿ. ಯಾರಿಂದ ಬಂತು ಅನ್ನೋಕೆ ಆಧಾರ ಏನಿದೆ?" ಎಂದರು.

ಆಧಾರ. ಕ್ಲಾಸಿನಲ್ಲಿ ಹುಡುಗರನ್ನು ಕೇಳುವ ದನಿಯಲ್ಲೇ ಕೇಳಿದರು. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು. ಸುಹಾಸನಿಗೆ ಇದೇನೂ ಗೊತ್ತಾಗುವುದು ಬೇಡ, ಓದುವ ಹುಡುಗ, ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ. ಆಯಿತು ಅಣ್ಣ ಎಂದರು ರಘು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸ್ನೇಹಾಳಿಗಾದರೂ ಈಗ ಹಾಕಿಸಿ ಭಾವ ಎಂದೆ. ಅವಳು ಅಷ್ಟರಲ್ಲಿ ಹೈಸ್ಕೂಲಿಗೆ ಬಂದಿದ್ದಳು. ಅವರು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ, ಇಂಥ ಹೊತ್ತಿನಲ್ಲಿ ಆ ಮಾತು ಯಾಕೆ ಎಂದರು. ಮಾನ್ಯ ಮಲಗಿದ್ದ ಕೋಣೆಗೆ ಹೋಗದೆಯೇ ಹೊರಟುಹೋದರು.

ಆಮೇಲಿನದನ್ನು ತಿಂಗಳುಗಟ್ಟಲೆ ಬರೆಯಬಹುದು, ಬರೆಯುವುದಿಲ್ಲ. ನಡೆಯುವುದು ನಿಂತಿತು. ಕೂರುವುದು ನಿಂತಿತು. ನುಂಗುವುದು ಕಷ್ಟವಾಗಿ ಮೂಗಿಗೆ ಟ್ಯೂಬು ಬಂತು. ಅವಳು ಕೊನೆಯದಾಗಿ ಆಡಿದ ಮಾತು ಯಾವುದೆಂದು ನನಗೆ ಗೊತ್ತಿಲ್ಲ. ಕೊನೆಯದು ಎಂದು ಗೊತ್ತಿದ್ದರಲ್ಲವೇ ನೆನಪಿಟ್ಟುಕೊಳ್ಳುವುದು? ರಘು ಸಾಕು ಎನ್ನುತ್ತಾರೆ, ನನಗೆ ನೀರು ಎಂದಂತೆ ನೆನಪು. ಈ ಒಂದು ವಿಷಯಕ್ಕೆ ನಾವಿಬ್ಬರೂ ಮೂರು ದಿನ ಮಾತು ಬಿಟ್ಟಿದ್ದೆವು.

ಒಳ್ಳೆಯದೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮ ಬೀದಿಯ ಆಟೋ ನಂಜೇಗೌಡರು ಹಾಸನಕ್ಕೆ ಕರೆದೊಯ್ಯುವಾಗ ದಾರಿಯ ಒಂದೊಂದು ಹಂಪನ್ನೂ ಮಗುವಿಗೆ ಗೊತ್ತಾಗದ ಹಾಗೆ ದಾಟಿಸುತ್ತಿದ್ದರು. ಬ್ಯಾಂಕಿನ ಮ್ಯಾನೇಜರು ಕೇಳದೆಯೇ ನನಗೆ ಮಧ್ಯಾಹ್ನದ ಮೇಲೆ ಮನೆಗೆ ಹೋಗಲು ಬಿಟ್ಟರು. ಟ್ಯೂಬಿನಲ್ಲಿ ರಾಗಿ ಗಂಜಿ ಹಾಕುವುದನ್ನು ಹೇಳಿಕೊಟ್ಟ ನರ್ಸ್, ನಾನು ಕಲಿಯುವವರೆಗೆ ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟುಕೊಂಡೇ ಇದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಜಯಮ್ಮ ಇದ್ದಳು. ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದಳು. ಬೆನ್ನು ಹುಣ್ಣಾಗದಂತೆ ಏನು ಮಾಡಿದಿರಿ, ಕಫಕ್ಕೆ ಏನು ಕೊಟ್ಟರು, ಇಂಥವೇ ಮಾತು. ಯಾವ ನೆಂಟರ ಹತ್ತಿರವೂ ಆಡಲಾರದವು. ಕಳೆದ ಬೇಸಿಗೆಯಲ್ಲಿ ಒಂದು ದಿನ ಫೋನ್ ಮಾಡಿದಳು.

"ಕಿರಣ ಓಗ್ಬುಟ್ಟ ಕಣವ್ವ. ನೀವು ಫೋನ್ ಮಾಡದ ಬುಡ್ಬ್ಯಾಡಿ. ನಿಮ್ ಮಗಿನ್ ಸುದ್ದಿ ಏಳ್ತಾ ಇರಿ."

ಈಗಲೂ ಹೇಳುತ್ತಿದ್ದೇನೆ. ಮಗನನ್ನು ಕಳೆದುಕೊಂಡವಳು ನನ್ನ ಮಗಳ ಸುದ್ದಿಗೆ ಕಾಯುತ್ತಾಳೆ. ಅವಳ ಎದುರು ನನ್ನದು ಇನ್ನೂ ಉಸಿರಾಡುತ್ತಿದೆ ಎನ್ನುವುದೇ ಭಾಗ್ಯದ ಮಾತಾಗುತ್ತದೆ.

ಮಾನ್ಯಳ ಕಾಯಿಲೆ ಒಂದು ಹಂತಕ್ಕೆ ಬಂದು ನಿಂತಿದೆ. ಔಷಧಿಯಿಂದಲೋ, ಹಾಗೇ ನಿಂತಿತೋ, ಎಷ್ಟು ದಿನ ನಿಲ್ಲುತ್ತದೋ ಡಾಕ್ಟರೂ ಹೇಳುವುದಿಲ್ಲ. ಬೆಚ್ಚುವುದು ಕಡಿಮೆಯಾಗಿದೆ. ರಘು ಸಂಜೆ ಬಂದು ಅವಳ ಹೆಸರು ಹಿಡಿದು ಕರೆದರೆ ಕಣ್ಣು ಆ ಕಡೆ ತಿರುಗುತ್ತದೆ. ನಾನು ಕರೆದರೆ ತಿರುಗುವುದಿಲ್ಲ. ಮೊದಲು ಅದಕ್ಕೂ ನೊಂದುಕೊಳ್ಳುತ್ತಿದ್ದೆ. ಈಗ ಅವರ ಬಸ್ಸು ತಡವಾದರೆ ಅವಳಿಗಿಂತ ಹೆಚ್ಚಾಗಿ ನಾನೇ ಕಾಯುತ್ತೇನೆ.

ಸುಹಾಸ್ ಹಾಸನದಲ್ಲಿ ಪಶುವೈದ್ಯ ಓದುತ್ತಿದ್ದಾನೆ. ಒಮ್ಮೊಮ್ಮೆ ಬಂದು ಮಾನ್ಯಳ ಮಂಚದ ಹತ್ತಿರ ಕೂತು ಹೋಗುತ್ತಿದ್ದ. ಫಿಟ್ಸಿನ ಕಾಯಿಲೆ ಎಂದಷ್ಟೇ ಮನೆಯಲ್ಲಿ ಅವನಿಗೆ ಹೇಳಿದ್ದರು. ಈ ವರ್ಷ ಒಂದು ಭಾನುವಾರ ಬಂದವನು ಎಂದಿನಂತೆ ಕೂರಲಿಲ್ಲ. ಅವಳು ಬೆಚ್ಚುವುದನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಹೇಳಿದ. ಅವರ ಕಾಲೇಜಿನ ಪಶು ಆಸ್ಪತ್ರೆಗೆ ಒಂದು ನಾಯಿ ಬಂದಿತ್ತಂತೆ. ಲಸಿಕೆ ಹಾಕಿಸದ ನಾಯಿ, ಮಲಗಿದಲ್ಲೇ ತಾಳ ಹಾಕಿದ ಹಾಗೆ ಬೆಚ್ಚುತ್ತಿತ್ತಂತೆ. ನಾಯಿಗಳಿಗೆ ಬರುವ ಈ ರೋಗದ ವೈರಸ್ಸು, ಮಕ್ಕಳಿಗೆ ಬರುವ ದಡಾರದ ವೈರಸ್ಸು ಒಂದೇ ವಂಶದವು ಎಂದು ಮೇಷ್ಟ್ರು ಪಾಠ ಮಾಡಿದರಂತೆ. ಅವತ್ತಿನಿಂದ ಅವನು ಹುಡುಕಿ ಓದಿದ್ದ.

"ಚಿಕ್ಕಮ್ಮ, ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ. ತಾತನ ತಿಥಿ ದಿನ ನನಗೆ ದಡಾರ ಇತ್ತಾ?"

ನಾನು ಮಾನ್ಯಳ ಬಾಯಿ ಒರೆಸುತ್ತಿದ್ದೆ. ರಘು ಅಂಗಡಿಗೆ ಹೋಗಿದ್ದರು. ಇರಲಿಲ್ಲ ಎಂದುಬಿಟ್ಟಿದ್ದರೆ ಅವನು ನಂಬುತ್ತಿದ್ದನೋ ಏನೋ. ಸುಳ್ಳು ಹೇಳಬಾರದೆಂದು ನಿಜ ಹೇಳಿದೆನೋ, ಅವನ ಅಪ್ಪನಿಗೆ ನೋವಾಗಲಿ ಎಂದು ಹೇಳಿದೆನೋ, ಎಷ್ಟು ಯೋಚಿಸಿದರೂ ನನಗೆ ಬಿಡಿಸಲು ಆಗಿಲ್ಲ.

"ಇತ್ತು," ಎಂದೆ.

"ಅವತ್ತು ದಿನವೆಲ್ಲ ನಾನೇ ಎತ್ಕೊಂಡಿದ್ದೆ ಅಲ್ವಾ?"

"ಹೂಂ. ನಿನ್ನ ಬಿಟ್ಟು ಯಾರ ಹತ್ರಾನೂ ಹೋಗ್ಲಿಲ್ಲ ಅವಳು." ಅವನ ಮುಖ ನೋಡಿ ಮತ್ತೆ ಹೇಳಿದೆ. "ನಿನಗೆ ಹದಿಮೂರು ವರ್ಷ ಕಣೋ. ಸೂಜಿ ಬೇಡ ಅಂದಿದ್ದು ನೀನಲ್ಲ."

ಅವನು ಅಳಲಿಲ್ಲ. ಮಂಚದ ಕೆಳಗೆ ಕೂತು ಮಾನ್ಯಳ ಪಾದ ಕೈಗೆ ತೆಗೆದುಕೊಂಡ. ಬೆರಳುಗಳು ಒಳಕ್ಕೆ ಮಡಚಿಕೊಂಡಿರುತ್ತವೆ, ದಿನವೂ ಬಿಡಿಸಿ ತಿಕ್ಕಬೇಕು. ಹೇಗೆ ಎಂದು ಕೇಳಿದ. ತೋರಿಸಿದೆ. ಸಂಜೆಯವರೆಗೆ ಅದನ್ನೇ ಮಾಡುತ್ತಿದ್ದ. ಆಮೇಲೆ ಅವನು ಮನೆಗೆ ಹೋಗಿ ಅಪ್ಪನನ್ನು ಏನು ಕೇಳಿದ, ಭಾವ ಏನೆಂದರು, ನನಗೆ ಪೂರ್ತಿ ಗೊತ್ತಿಲ್ಲ. ಅಲ್ಲೂ ಆಧಾರದ ಮಾತು ಬಂತು ಎಂದು ಉಷಕ್ಕ ಹೇಳಿದರು. ಸುಹಾಸ್ ಬಟ್ಟೆ ತುಂಬಿಕೊಂಡು ಹಾಸ್ಟೆಲಿಗೆ ಹೋದ. ಒಂದೇ ಊರಿನಲ್ಲಿದ್ದರೂ ಮನೆಗೆ ಹೋಗುತ್ತಿಲ್ಲ. ಭಾನುವಾರ ಬಿಡುವಾದರೆ ನಮ್ಮ ಮನೆಗೆ ಬರುತ್ತಾನೆ.

ಅದಾಗಿ ಸ್ವಲ್ಪ ದಿನಕ್ಕೆ ಭಾವ ಒಬ್ಬರೇ ಬಂದರು. ಕೂರಿ ಎಂದರೆ ಕೂರಲಿಲ್ಲ. ನಡುಮನೆಯಲ್ಲಿ ನಿಂತೇ ಮಾತಾಡಿದರು. ಸೊರಗಿದ್ದರು, ಗಡ್ಡ ಬಿಟ್ಟಿದ್ದರು. ಪಾರ್ಕಿನ ಭಾಷಣ ನಿಲ್ಲಿಸಿದ್ದಾರೆಂದು ಕೇಳಿದ್ದೆ. ಒಂದು ಕ್ಷಣ, ಇವರು ತಪ್ಪಾಯಿತು ಎನ್ನಲು ಬಂದಿದ್ದಾರೆ ಎಂದುಕೊಂಡೆ. ಅಂದುಬಿಟ್ಟರೆ ನಾನು ಏನು ಹೇಳಲಿ ಎಂದು ಹೆದರಿಯೂ ಇದ್ದೆ.

"ನನ್ನ ಮಗನ್ನ ನನ್ನಿಂದ ಕಿತ್ಕೊಂಡ್ಬಿಟ್ಟೆ ವಾಸಂತಿ," ಎಂದರು.

ರಘು ಅಲ್ಲೇ ಇದ್ದರು. ಓದಿಸಿದ ಅಣ್ಣ. ಅವರು ತಲೆ ತಗ್ಗಿಸಿ ನಿಂತರು. ನನ್ನ ದನಿ ಏರಲಿಲ್ಲ, ಅದು ನನಗೇ ಆಶ್ಚರ್ಯ.

"ಅವನು ನಡೀತಾ ಇದಾನಲ್ಲ ಭಾವ. ಮಾತಾಡ್ತಾ ಇದಾನಲ್ಲ. ಇವತ್ತಲ್ಲ ನಾಳೆ ತಾನೇ ಎದ್ದು ನಿಮ್ಮ ಮನೆಗೆ ಬರ್ತಾನೆ. ನೀವು ಒಳಗೆ ಬಂದು ಇವಳನ್ನ ಒಂದ್ಸಲ ನೋಡಿ."

ಅವರು ಕೋಣೆ ಬಾಗಿಲವರೆಗೆ ಬಂದರು. ಪರದೆಯನ್ನು ಹಿಡಿದರು. ಸರಿಸಲಿಲ್ಲ. ಹಾಗೇ ತಿರುಗಿ, ಅಂಗಳ ದಾಟಿ, ಗೇಟನ್ನು ಹಾಕದೆ ಹೋದರು. ಅವರ ಹಿಂದೆ ಹೋಗಿ ಗೇಟು ಹಾಕಿ ಬಂದ ರಘು ಅವತ್ತು ಊಟ ಮಾಡಲಿಲ್ಲ. ನಾನು ಮಾಡಿದೆ. ಟ್ಯೂಬಿಗೆ ಗಂಜಿ ಹಾಕುವವಳ ಕೈಯಲ್ಲಿ ಶಕ್ತಿ ಇರಬೇಕು.

ಕ್ಷಮಿಸಬೇಕು ಎಂದು ನನಗೆ ಹೇಳುವವರು ಬಹಳ ಜನ. ಮನಸ್ಸು ಹಗುರಾಗುತ್ತೆ ಎನ್ನುತ್ತಾರೆ. ಕೇಳದವರನ್ನು ಕ್ಷಮಿಸುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿಲ್ಲ. ಭಾವ ಕೆಟ್ಟವರಲ್ಲ. ಮಕ್ಕಳ ಒಳ್ಳೆಯದಕ್ಕೇ ಮಾಡಿದರು, ತಮ್ಮ ಮಕ್ಕಳ ಒಳ್ಳೆಯದಕ್ಕೆ. ಅವರ ಲೆಕ್ಕದಲ್ಲಿ ಸುಹಾಸನ ಆಚೆಗೆ ಇನ್ನೊಂದು ಕೂಸು ಇರಲಿಲ್ಲ. ಅವನು ಎತ್ತಿಕೊಳ್ಳುವ ಕೂಸು. ಅಷ್ಟೇ ನನ್ನ ದೂರು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಯಾರಾದರೂ ದೊಡ್ಡ ಹುಡುಗರು ಕೆಮ್ಮುತ್ತಾ ಕೂಸುಗಳನ್ನು ಎತ್ತಿ ಮುದ್ದಾಡುವುದನ್ನು ಕಂಡರೆ ನನಗೆ ಈಗಲೂ ಅಲ್ಲಿ ನಿಲ್ಲಲಾಗುವುದಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಉಷಕ್ಕನ ಫೋನು ಬಂತು. ಹಿಂದೆ ಮಕ್ಕಳ ಅಳು, ಟೋಕನ್ ಕೂಗುವ ಸದ್ದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಎಲ್ಲಿದ್ದೀರಕ್ಕ ಎಂದು ಗಾಬರಿಯಿಂದ ಕೇಳಿದೆ. ಹಾಸನದ ಒಬ್ಬ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಸಂಸಾರದಲ್ಲಿ ಗಂಡನನ್ನು ಕೇಳದೆ ಉಷಕ್ಕ ಒಂದು ಕೆಲಸ ಮಾಡಿದ್ದು ನಾನು ಕಂಡಿಲ್ಲ.

"ಸ್ನೇಹಂಗೆ ಹಾಕಿಸ್ದೆ ಕಣೆ, ಈಗ ತಾನೆ," ಎಂದರು. "ಅವರಿಗೆ ಹೇಳಿಲ್ಲ. ಸಂಜೆ ಹೇಳ್ತೀನಿ, ಏನಾಗುತ್ತೋ ಆಗ್ಲಿ. ಒಂದು ತಿಂಗಳು ಬಿಟ್ಟು ಇನ್ನೊಂದು ಹಾಕ್ತಾರಂತೆ."

ಒಳ್ಳೆಯದಾಯಿತು ಅಕ್ಕ ಎಂದೆ. ಸ್ವಲ್ಪ ಜ್ವರ ಬಂದರೆ ಹೆದರಬೇಡಿ ಎಂದೆ. ಅವರು ಮೂಗು ಎಳೆದುಕೊಂಡದ್ದು ಕೇಳಿಸಿತು. ಏನಾದರೂ ಹೇಳಬೇಕೆಂದು ಹೇಳಿದರೋ, ನನಗೆ ಖುಷಿಯಾಗಲಿ ಎಂದು ಹೇಳಿದರೋ ಗೊತ್ತಿಲ್ಲ.

"ಪಾಪ, ಹೆದರ್ಕೊಂಡಿದ್ಲು. ಹಾಕಿದ್ದೇ ಗೊತ್ತಾಗ್ಲಿಲ್ವಂತೆ. ನೋವೇ ಇಲ್ವಂತೆ ಕಣೆ ವಾಸಂತಿ."

ನಾನು ಫೋನ್ ಇಟ್ಟೆ. ಮಾನ್ಯಳ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಬೆನ್ನಿನ ಕೆಳಗೆ ಕೈ ತೂರಿಸಿ, ಕತ್ತಿಗೆ ಆಸರೆ ಕೊಟ್ಟು, ಮೆಲ್ಲಗೆ ಎತ್ತಿ, ಅವಳನ್ನು ಗೋಡೆಯ ಕಡೆಯಿಂದ ಕಿಟಕಿಯ ಕಡೆಗೆ ತಿರುಗಿಸಿದೆ.